ಬೆಂಚಿನಲ್ಲಿ ಹನ್ನೊಂದನೇ ನಂಬರ್

ಸುನಿಲ್ ಛೆಟ್ರಿ ಬೆಂಚಿನಲ್ಲಿ ಕೂತಿದ್ದನ್ನು ಮೊದಲ ಸಲ ಕಂಡಾಗ ಕರುಳು ಚುರುಕ್ ಎಂದಿತ್ತು. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ) ಹುಟ್ಟಿದಾಗ ಬಂದ ನಾಯಕ ಅವರು.

ಆದರೆ 2025ರ ಏಪ್ರಿಲ್‌ನ ಗೋವಾ ವಿರುದ್ಧದ ಆ ಐಎಸ್‌ಎಲ್ ಸೆಮಿಫೈನಲ್! ಮೊದಲ ಲೆಗ್‌ನ ಎರಡು ಗೋಲಿನ ಮುನ್ನಡೆ ಪೂರ್ತಿ ಕರಗಿತ್ತು. ತಡವಾಗಿ ಕಣಕ್ಕಿಳಿದ ನಲವತ್ತರ ಮನುಷ್ಯ 92ನೇ ನಿಮಿಷದಲ್ಲಿ ತಲೆಯಿಂದ ಚೆಂಡು ಬಲೆಗೆ ಸೇರಿಸಿ ಬೆಂಗಳೂರನ್ನು ಫೈನಲ್‌ಗೆ ಮುಟ್ಟಿಸಿದರು. ಓಟ ತಗ್ಗಿದೆ, ನಿಜ. ಚೆಂಡು ಎಲ್ಲಿ ಬೀಳುತ್ತದೆಂಬ ಅಂದಾಜು ಮಾತ್ರ ಚೂರೂ ಮಾಸಿಲ್ಲ. ಆ ಸೀಸನ್ನಿನಲ್ಲಿ 14 ಗೋಲು; ಭಾರತೀಯರಲ್ಲಿ ಬೇರೆ ಯಾರೂ ಅಷ್ಟು ಹೊಡೆದಿಲ್ಲ. ಕಂಠೀರವದಲ್ಲಿ ಕೇರಳದ ವಿರುದ್ಧ ಹ್ಯಾಟ್ರಿಕ್ ಬೇರೆ.

ತೊಂಬತ್ತು ನಿಮಿಷ ಬೇಡ, ಇಪ್ಪತ್ತು ಸಾಕು ನಮಗೆ. ಗೆರೆಯ ಪಕ್ಕ ಅವರು ವಾರ್ಮಪ್‌ಗೆ ಎದ್ದರೆ ನನಗೆ ಕೂತಿರಲು ಆಗುವುದಿಲ್ಲ.