ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬಾಗಿಲು

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠಕ್ಕೆ ನಾನು ಆರಿಸಿಕೊಂಡ ಬೋಧನೋಪಕರಣ, ನಾಲ್ಕು ಮಹಡಿಯ ಆ ಶಾಲೆಯ ಮೆಟ್ಟಿಲ ಬಳಿಯ ಫೈರ್ ಡೋರ್. ಅದು ಮುಚ್ಚದಂತೆ ಸದಾ ಒಂದು ಇಟ್ಟಿಗೆ ಅಡ್ಡ ಇರುತ್ತಿತ್ತು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅವಘಡದಲ್ಲಿ 9 ಜನ ಸತ್ತರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಮುಖ್ಯವಾಗಿ ಹೊಗೆ. ಮೆಟ್ಟಿಲಿಗೆ ಹೊಗೆ ನುಗ್ಗದಂತೆ ತಡೆಯಬೇಕಾದ ಬಾಗಿಲು ತೆರೆದೇ ಇದ್ದರೆ ಬರೀ ಹಲಗೆ.

ಮಕ್ಕಳು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಅಳೆದರು. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದಿಟ್ಟಷ್ಟು, ಅಂದರೆ ಸುಮಾರು 3 ಮಿ.ಮೀ. ಇರಬೇಕಾದಲ್ಲಿ, ಹಿಡಿಕೆಯ ಕಡೆಯ ಮೇಲ್ಮೂಲೆಯಲ್ಲಿ 8 ಮಿ.ಮೀ. ಇತ್ತು. ಮೇಲಿನ ಹಿಂಜಿನ ಸ್ಕ್ರೂ ಸಡಿಲವಾಗಿ ಬಾಗಿಲು ಜಗ್ಗಿತ್ತು. ಕಾವು ತಗುಲಿದಾಗ ಉಬ್ಬಿ ಸಂದು ಮುಚ್ಚುವ ಅಂಚಿನ ಪಟ್ಟಿ ಒಂದೆಡೆ ಕಿತ್ತುಬಂದಿತ್ತು. ಈ ಪಟ್ಟಿಯ ಬಗ್ಗೆ ಕೇಳಿದಷ್ಟು ಪ್ರಶ್ನೆಗಳನ್ನು ಅವರು ಮೇಣದಬತ್ತಿಯ ಜ್ವಾಲೆಯ ಬಗ್ಗೆ ಕೇಳಲಿಲ್ಲ!

ಇಟ್ಟಿಗೆ ತೆಗೆಸಿ ಎನ್ನುವುದು ಸುಲಭ. “ತೆಗೆದ್ರೆ ಬಾಗ್ಲು ಧಡ್ ಅಂತ ಬಡಿಯುತ್ತೆ ಮೇಡಂ, ಮಕ್ಕಳ ಬೆರಳು ಸಿಕ್ಕಿದ್ರೆ ಯಾರು ಹೊಣೆ?” ಎಂದರು ಆಯಾ. ನಿಜವೇ. ಮೇಲಿನ ಕ್ಲೋಸರ್‌ನಿಂದ ಎಣ್ಣೆ ಸೋರಿ ಬಾಗಿಲಿನ ವೇಗಕ್ಕೆ ಹಿಡಿತವೇ ಉಳಿದಿರಲಿಲ್ಲ. ಅವರು ಇಟ್ಟಿಗೆ ಇಟ್ಟಿದ್ದು ಮಕ್ಕಳ ಮೇಲಿನ ಕಾಳಜಿಯಿಂದಲೇ. ಹಾಗಾಗಿ ಮುಖ್ಯ ಶಿಕ್ಷಕರಿಗೆ ಬರೆದ ಪತ್ರದಲ್ಲಿ ಮಕ್ಕಳು ಮೊದಲು ಕೇಳಿದ್ದು ಹೊಸ ಕ್ಲೋಸರ್. ಇಟ್ಟಿಗೆಯ ಮಾತು ಕೊನೆಯ ಸಾಲಿನಲ್ಲಿ.

ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ಸ್ಕ್ರೂ ಬಿಗಿಯಾಗಿತ್ತು, ಪಟ್ಟಿ ಹೊಸದಾಗಿತ್ತು. ಕ್ಲೋಸರ್ ಇನ್ನೂ ಬಂದಿರಲಿಲ್ಲ.