ಒಂದೇ ತಟ್ಟೆಯ ಹಾಲು

ನರಿ ಕೊಕ್ಕರೆಯನ್ನು ಊಟಕ್ಕೆ ಕರೆದು ಚಪ್ಪಟೆ ತಟ್ಟೆಯಲ್ಲಿ ಬಡಿಸಿದ ಕತೆ ನಮಗೆಲ್ಲ ಗೊತ್ತು. ಇಬ್ಬರಿಗೂ ಅದೇ ತಟ್ಟೆ, ಅದೇ ಊಟ. ಮೋಸ ಎಲ್ಲಿದೆ ಅಂತ ನರಿ ಕೇಳಬಹುದು! ಈ ಕತೆ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿ ಬಂದಿದೆ ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. 1971ರ ಗ್ರಿಗ್ಸ್ ಮೊಕದ್ದಮೆ ಅದು.

ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ಒಂದು ವಿದ್ಯುತ್ ಸ್ಥಾವರ. 95 ಕೆಲಸಗಾರರಲ್ಲಿ ಕಪ್ಪು ಜನ 14. ಅವರಿಗೆ ಕೂಲಿ ವಿಭಾಗ ಬಿಟ್ಟರೆ ಬೇರೆ ಕಡೆ ಜಾಗವಿಲ್ಲ. ಅಲ್ಲಿನ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ಇಂಥ ಭೇದವನ್ನು ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಹೊಸ ನಿಯಮ ತಂದಿತು: ಒಳ್ಳೆಯ ವಿಭಾಗಗಳಿಗೆ ಸೇರುವ ಹೊಸಬರು ಹೈಸ್ಕೂಲು ಮುಗಿಸಿದರೆ ಸಾಲದು, ಎರಡು ಪರೀಕ್ಷೆಗಳನ್ನೂ ಪಾಸು ಮಾಡಬೇಕು. ಒಂದರಲ್ಲಿ 12 ನಿಮಿಷಕ್ಕೆ 50 ಪ್ರಶ್ನೆ.

ಯಾರೂ ಬಣ್ಣ ಕೇಳಲಿಲ್ಲ, ನಿಜ. ಆದರೆ ಕಪ್ಪು ಮಕ್ಕಳನ್ನು ತಲೆಮಾರುಗಳ ಕಾಲ ಬೇರೆಯೇ ಆದ, ಕಳಪೆ ಶಾಲೆಗಳಲ್ಲಿ ಕೂರಿಸಿದ್ದ ನಾಡು ಅದು. ಇನ್ನೊಂದು ತಮಾಷೆಯೆಂದರೆ, ಹೈಸ್ಕೂಲೂ ಮುಗಿಸದ, ಈ ಪರೀಕ್ಷೆಯನ್ನೂ ಬರೆಯದ ಹಳೆಯ ಬಿಳಿಯ ಕೆಲಸಗಾರರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಅಂದಮೇಲೆ ಪರೀಕ್ಷೆ ಅಳೆದದ್ದಾದರೂ ಏನನ್ನು?

ಕಪ್ಪು ಕೆಲಸಗಾರರಲ್ಲಿ 13 ಮಂದಿ ಕೋರ್ಟಿಗೆ ಹೋದರು. ತೀರ್ಪು ಸರ್ವಾನುಮತದ್ದು: ಕೆಟ್ಟ ಉದ್ದೇಶ ಇರಲಿ ಬಿಡಲಿ, ಪರೀಕ್ಷೆಯಿಂದ ಒಂದು ಜನಾಂಗ ಹೊರಗುಳಿಯುತ್ತಿದ್ದರೆ, ಅದಕ್ಕೂ ಕೆಲಸಕ್ಕೂ ಸಂಬಂಧವಿದೆಯೆಂದು ಮಾಲೀಕರೇ ತೋರಿಸಬೇಕು. 1991ರಲ್ಲಿ ಈ ತತ್ವ ಕಾಯಿದೆಯೊಳಗೇ ಸೇರಿತು. ಇದರ ಜಾರಿಯನ್ನು ಸಡಿಲಿಸುವಂತೆ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಅಧ್ಯಕ್ಷರು ಸರ್ಕಾರಿ ಇಲಾಖೆಗಳಿಗೆ ಆದೇಶವಿತ್ತರು.

ಇನ್ನೊಂದು ಮುಖವೂ ಇದೆ. ನ್ಯೂ ಹೇವನ್ ನಗರ ಅಗ್ನಿಶಾಮಕ ದಳದ ಬಡ್ತಿಗಾಗಿ 2003ರಲ್ಲಿ ಪರೀಕ್ಷೆ ನಡೆಸಿ, ಕಪ್ಪು ಅಭ್ಯರ್ಥಿಗಳು ಹಿಂದೆ ಬಿದ್ದದ್ದನ್ನು ಕಂಡು ಫಲಿತಾಂಶವನ್ನೇ ಕೈಬಿಟ್ಟಿತು. ಕಷ್ಟಪಟ್ಟು ಓದಿ ಮೇಲೆ ಬಂದಿದ್ದವರು ದಾವೆ ಹೂಡಿ 2009ರಲ್ಲಿ 5-4ರ ಬಹುಮತದಿಂದ ಗೆದ್ದರು. ಅವರ ಸಂಕಟವೂ ಸಂಕಟವೇ. ಪರೀಕ್ಷೆ ಸರಿಯೇ ಅಂತ ಕೇಳಬೇಕಾದದ್ದು ಅಂಕ ಬಂದ ಮೇಲಲ್ಲ, ಪ್ರಶ್ನೆಪತ್ರಿಕೆ ಬರೆಯುವ ಮೊದಲು ಅನಿಸುತ್ತದೆ ನನಗೆ.

ಆ ಕಾನೂನು ಮುಂಬಯಿಗೆ ಅನ್ವಯಿಸುವುದಿಲ್ಲ, ನಮ್ಮ ಕತೆಯೂ ಬೇರೆ. ಆದರೂ ಮೊನ್ನೆ ಲೆಕ್ಕ ಬರೆಯುವ ಕೆಲಸಕ್ಕೆ ನಾವಿಬ್ಬರು ಗೆಳತಿಯರು ಪರೀಕ್ಷೆಗೆ ಕೂತಾಗ, ಅರ್ಧಕ್ಕರ್ಧ ಇಂಗ್ಲಿಷ್ ನುಡಿಗಟ್ಟುಗಳ ಪ್ರಶ್ನೆ! ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಅವಳು ಜಮಾಖರ್ಚಿನಲ್ಲಿ ನನಗಿಂತ ಚುರುಕು. ನಾನು ಪಾಸಾದೆ, ಅವಳು ಆಗಲಿಲ್ಲ. "ಲೆಕ್ಕದ ಪ್ರಶ್ನೆ ಇನ್ನೂ ನಾಲ್ಕು ಕೊಡಬೇಕಿತ್ತು ಕಣೇ" ಅಂದಳು. ಗ್ರಿಗ್ಸ್ ತೀರ್ಪು ಕೇಳಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ.