ಎಳೆ ಬಿದಿರಿನ ಊಟ

ಏಪ್ರಿಲ್ ತಿಂಗಳಲ್ಲಿ, ಕ್ಯೋಟೋ ನಗರದಲ್ಲಿ, 'ಕೈಸೆಕಿ' ಎಂಬ ಮಧ್ಯಾಹ್ನದ ಊಟಕ್ಕೆ ಹೊರಟವರು ಅರ್ಧ ಹಸಿವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಲೇಸು. ಆ ಹೆಸರಿಗೆ 'ಮಡಿಲ ಕಲ್ಲು' ಎಂದರ್ಥ. ಜೆನ್ ಪಂಥದ ಭಿಕ್ಷುಗಳು ಬೆಚ್ಚಗಿನ ಕಲ್ಲೊಂದನ್ನು ಉಡುಪಿನೊಳಗಿರಿಸಿಕೊಂಡು ಹಸಿವೆಯನ್ನು ಮರೆಯುತ್ತಿದ್ದರಂತೆ. ಸೆನ್ ನೋ ರಿಕ್ಯು (1522–1591) ಮೊದಲಾದವರ ಚಹಾಗೋಷ್ಠಿಗಳಲ್ಲಿ ಚಹಾಕ್ಕೆ ಮುನ್ನ ಬಡಿಸುತ್ತಿದ್ದ ಮಿತಾಹಾರಕ್ಕೆ ಈ ಹೆಸರು ನಿಂತಿತು. ಉಚ್ಚಾರಣೆ ಅದೇ ಆದರೂ ಬೇರೆ ಅಕ್ಷರಗಳಲ್ಲಿ ಬರೆಯುವ ಮತ್ತೊಂದು ಕೈಸೆಕಿಯುಂಟು. ಅದು ದುಬಾರಿ ಔತಣ. ಭಿಕ್ಷುವಿನ ಕಲ್ಲಿಗೆ ಎಂಥ ಬೆಲೆ ಬಂದಿತು ನೋಡಿ!

ಈ ಔತಣದಲ್ಲಿ ಭಕ್ಷ್ಯಗಳು ಒಂದೊಂದಾಗಿ, ಅಂಗೈಯಗಲದ ಪಾತ್ರೆಗಳಲ್ಲಿ ಬರುತ್ತವೆ. ಅನ್ನ ಬರುವುದು ಕಟ್ಟಕಡೆಗೆ, ಉಪ್ಪಿನಕಾಯಿಯೊಡನೆ. ಸಾರಿಗೆ ಒಣಮೀನಿನ ತಿಳಿಯೇ ಜೀವಾಳವಾದುದರಿಂದ ಸಸ್ಯಾಹಾರಿಗಳು ಮೊದಲೇ ತಿಳಿಸಿರಬೇಕು.

ವಸಂತದ ಊಟಕ್ಕೆ ಅರಸನೆಂದರೆ ಎಳೆ ಬಿದಿರು. ನಮ್ಮ ಮಲೆನಾಡಿಗರ, ಕೊಡಗಿನವರ ಕಳಲೆ. ನಮ್ಮಲ್ಲಿ ಅದು ಮಳೆಗಾಲದ ಕೂಸು. ಅಲ್ಲಿ ಚೆರಿ ಹೂವಿನ ದಿನಗಳಲ್ಲಿ, ನಗರದ ಪಶ್ಚಿಮದ ಬೆಟ್ಟಗಳ ಬದಿಯ ತೋಪುಗಳಲ್ಲಿ, ಮೊಳಕೆ ನೆಲವನ್ನು ಬಿರಿಸುವಷ್ಟರಲ್ಲಿಯೇ ಅಗೆದು ತೆಗೆಯುತ್ತಾರೆ. ಅಗೆದ ಗಳಿಗೆಯಿಂದಲೇ ಅದರ ಒಗರು ಏರತೊಡಗುತ್ತದೆ. ನಮ್ಮವರು ಕಳಲೆಯನ್ನು ಹೆಚ್ಚಿ ದಿನಗಟ್ಟಲೆ ನೀರಿನಲ್ಲಿ ನೆನೆಸುವರು. ಅಲ್ಲಿಯ ಬಾಣಸಿಗನು ಸಿಪ್ಪೆಸಹಿತ ಅಕ್ಕಿಯ ತೌಡಿನ ನೀರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ಆರಲು ಬಿಡುವನು. ಬಳಿಕ ಕಡಲಪಾಚಿಯೊಡನೆ ಮೆಲ್ಲನೆ ಕುದಿಸಿ, 'ಸಾನ್ಶೋ' ಗಿಡದ ಚಿಗುರನ್ನು ಅಂಗೈಗಳ ನಡುವೆ ತಟ್ಟಿ ಮೇಲಿಡುವನು. ತಟ್ಟದಿದ್ದರೆ ಅದು ಪರಿಮಳ ಬಿಡದು.

ಋತುವಿನ ಒಂದೊಂದು ಪದಾರ್ಥಕ್ಕೂ ಜಪಾನೀಯರು ಮೂರು ವಯಸ್ಸುಗಳನ್ನು ಎಣಿಸುತ್ತಾರೆ: ಮೊದಲ ಬರವು, ತುಂಬು ಪ್ರಾಯ, ಬೀಳ್ಕೊಡುಗೆ. ಮೂರನೆಯದರ ರುಚಿ ವಯಸ್ಸಾದವರಿಗೇ ಚೆನ್ನಾಗಿ ತಿಳಿದೀತು.

ಇಂಥ ಊಟದ ಮನೆಗೆ ಪ್ರತಿ ವಸಂತದಲ್ಲಿಯೂ ಬರುವ ವೃದ್ಧ ದಂಪತಿಗಳಿದ್ದಾರೆ ಎನ್ನೋಣ. ಈ ವರ್ಷ ಯಜಮಾನರ ಹಲ್ಲು ಮೊದಲಿನಂತಿಲ್ಲ. ಅದನ್ನು ಅವರು ಯಾರಿಗೂ ಹೇಳಿಲ್ಲ; ಹೆಂಡತಿಗೂ ಹೇಳಿಲ್ಲ. ಮೊದಲ ತಟ್ಟೆಯಲ್ಲಿ ಗಟ್ಟಿಯಾದ ಚೂರೊಂದು ಹಾಗೆಯೇ ಉಳಿದುದನ್ನು ಬಡಿಸುವಾಕೆ ಕಂಡಳು, ತಟ್ಟೆಯನ್ನು ಒಳಗೊಯ್ದಳು. ಸ್ವಲ್ಪ ಹೊತ್ತಿಗೆ ಮುಚ್ಚಳವಿದ್ದ ಎರಡು ಬಟ್ಟಲುಗಳು ಬಂದವು. ಮುಚ್ಚಳ ತೆಗೆದೊಡನೆ ಚಿಗುರಿನ ಕಂಪು ಎದ್ದಿತು. ಆಕೆಯ ಬಟ್ಟಲಿನಲ್ಲಿ ಬಿದಿರಿನ ಬುಡದ ದಪ್ಪ ಬಿಲ್ಲೆಗಳು. ಅವರದರಲ್ಲಿ ತುದಿಯ ಮೆತ್ತನೆಯ ಭಾಗ ಮಾತ್ರ, ಎಳೆಯ ಒಳಪದರದೊಡನೆ.

"ಈ ವರ್ಷದ ಬಿದಿರು ಬಲು ಎಳೆಯದು," ಎಂದರು ಯಜಮಾನರು, ಸಂತೋಷದಿಂದ.

ಆಕೆ ಎರಡು ಬಟ್ಟಲುಗಳನ್ನೂ ನೋಡಿದಳು.

"ಹೌದು, ಬಲು ಎಳೆಯದು," ಎಂದು, ತನ್ನ ಬಿಲ್ಲೆಯನ್ನು ಸದ್ದಾಗದಂತೆ ಅಗಿಯತೊಡಗಿದಳು.